ಸರಕುಬಂಡಿಯ ಡೀಸೆಲ್-ವಿದ್ಯುತ್ ಎಂಜಿನ್ನು

ಬೆಂಗಳೂರಿನ ಪಶ್ಚಿಮದ ಕೆಂಗೇರಿಯ ಮೂಲಕ ಮೈಸೂರಿಗೆ ಹೋಗುವ ಕಬ್ಬಿಣದ ಹಾದಿಯು 1881-82ರಲ್ಲಿ ತೆರೆಯಿತು. ಮೈಸೂರು ಸಂಸ್ಥಾನವು ಹಾಕಿಸಿದ ಮೀಟರ್ ಗೇಜಿನ ಹಾದಿಯದು. ಮುಂದೆ ಅದು ಬ್ರಾಡ್ ಗೇಜಾಯಿತು. ಉಗಿಯನ್ನೂ ಡೀಸೆಲನ್ನೂ ಕಂಡಿತು. ಈಗ ತಲೆಯ ಮೇಲೆ ವಿದ್ಯುತ್ತಿನ ತಂತಿಯನ್ನು ಹೊತ್ತಿದೆ. ಹಾಗಾದರೆ ಡೀಸೆಲಿಗಾಗಿ ಪಟ್ಟ ಶ್ರಮವೆಲ್ಲ ವ್ಯರ್ಥವಾಯಿತೆ? ಉತ್ತರವನ್ನು ಆ ಎಂಜಿನ್ನಿನ ಒಳಗೇ ಹುಡುಕಬೇಕು.

ಡೀಸೆಲ್ ಯಂತ್ರಕ್ಕೆ ಒಂದು ಸ್ವಭಾವವುಂಟು. ನಿಂತಲ್ಲಿಂದಲೇ ಭಾರವನ್ನೆಳೆದು ಹೊರಡಲು ಅದಕ್ಕೆ ಬಾರದು. ಆದಕಾರಣ ಅದನ್ನು ಗಾಲಿಗಳಿಗೆ ನೇರವಾಗಿ ಜೋಡಿಸದೆ, ವಿದ್ಯುತ್ತನ್ನು ಉತ್ಪಾದಿಸುವ ಕೆಲಸಕ್ಕೆ ಹಚ್ಚುತ್ತಾರೆ. ಗಾಲಿಗಳನ್ನು ತಿರುಗಿಸತಕ್ಕವು ಅಚ್ಚುಗಳ ಮೇಲಿನ ಮೋಟಾರುಗಳು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯು ಯಂತ್ರವನ್ನು ತಿರುಗಿಸಿತು, ಕೆಲಸ ನಡೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಡೀಸೆಲ್ ಎಂಜಿನ್ನಾದರೋ ತನ್ನ ಶಿವನಸಮುದ್ರವನ್ನು ತಾನೇ ಬೆನ್ನ ಮೇಲೆ ಹೊತ್ತು ಓಡುತ್ತದೆ.

1939ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯವರು ನಾಲ್ಕು ಭಾಗಗಳ, 5,400 ಅಶ್ವಶಕ್ತಿಯ ಸರಕು ಎಂಜಿನ್ನನ್ನು ಅನೇಕ ರೈಲ್ವೆಗಳಲ್ಲಿ ಓಡಿಸಿ ಪರೀಕ್ಷಿಸಿದರು. ಅಲ್ಲಿ ಉಗಿಯ ಪ್ರಭುತ್ವ ಕುಗ್ಗತೊಡಗಿತು. ನಮ್ಮ ದೇಶಕ್ಕೆ ಆಲ್ಕೊ ಕಂಪನಿಯ ಡೀಸೆಲ್ ಎಂಜಿನ್ನುಗಳು 1957ರಲ್ಲಿ ಬಂದವು. 1964ರಲ್ಲಿ ವಾರಾಣಸಿಯ ಕಾರ್ಖಾನೆಯು ಅದೇ ಕಂಪನಿಯ ವಿನ್ಯಾಸದಿಂದ 2,600 ಅಶ್ವಶಕ್ತಿಯ ಎಂಜಿನ್ನನ್ನು ಹೊರತಂದಿತು. ಅದರ ಮೋಟಾರುಗಳು ಏಕಮುಖ ಪ್ರವಾಹದವು. ಭಾರವಾದ ಬಂಡಿಯನ್ನು ಏರಿನಲ್ಲಿ ಮೆಲ್ಲಗೆ ಎಳೆಯುವಾಗ ಅವು ಬಿಸಿಯೇರುವುವು. ಹೆಚ್ಚು ಹೊತ್ತಾದರೆ ಸುಡುವ ಭಯ. ಎಂಜಿನ್ನಿನಲ್ಲಿ ಬಲವಿದ್ದೂ ಮೋಟಾರು ತಾಳದು.

ಈ ಕಷ್ಟಕ್ಕೆ ಪರಿಹಾರವಾಗಿ ಬಂದದ್ದು ಪರ್ಯಾಯ ಪ್ರವಾಹದ ಮೋಟಾರು. ಅದರಲ್ಲಿ ಸವೆಯುವ ಕುಂಚಗಳಿಲ್ಲ. ಆಮೆಯ ನಡಿಗೆಯಲ್ಲೂ ಪೂರ್ಣ ಬಲದಿಂದ ಬಹಳ ಹೊತ್ತು ಎಳೆಯಬಲ್ಲುದು. ಗಾಲಿ ಜಾರದಂತೆ ಪ್ರವಾಹವನ್ನು ಕ್ಷಣಕ್ಷಣಕ್ಕೂ ಹದಗೊಳಿಸಬಹುದು. 1995ರಲ್ಲಿ ಭಾರತೀಯ ರೈಲ್ವೆಯು ಜನರಲ್ ಮೋಟಾರ್ಸಿನೊಡನೆ ಒಪ್ಪಂದ ಮಾಡಿಕೊಂಡಾಗ ಎಂಜಿನ್ನುಗಳನ್ನು ಮಾತ್ರವಲ್ಲ, ಅವನ್ನು ಕಟ್ಟುವ ವಿದ್ಯೆಯನ್ನೂ ಪಡೆಯಿತು. 4,000 ಅಶ್ವಶಕ್ತಿಯ, ಆರು ಮೋಟಾರುಗಳ ಡಬ್ಲ್ಯು.ಡಿ.ಜಿ.-4 ಎಂಜಿನ್ನು 1999ರಲ್ಲಿ ಬಂದಿತು. 2002ರಿಂದ ವಾರಾಣಸಿಯಲ್ಲೇ ತಯಾರಾಯಿತು.

ಅದಕ್ಕೆ ಮೊದಲ ನೆಲೆಯಾದದ್ದು ನಮ್ಮ ಹುಬ್ಬಳ್ಳಿಯ ಡೀಸೆಲ್ ಶೆಡ್ಡು. ಹುಬ್ಬಳ್ಳಿಯಿಂದ ಗೋವೆಗೆ ಹೋಗುವ ಹಾದಿಯು ಕ್ಯಾಸಲ್ ರಾಕ್‌ನ ಆಚೆ ಘಟ್ಟವನ್ನು ಇಳಿಯುತ್ತದೆ. ಅಲ್ಲಿ 37 ಅಡಿ ನಡೆದರೆ ಒಂದಡಿಯ ಇಳಿತ. ಮುರಗಾಂವ್ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಬರಬೇಕಾದರೆ ಅಷ್ಟೂ ಏರನ್ನು ಹತ್ತಬೇಕು. ಹೊಸ ಮೋಟಾರಿಗೆ ಇದಕ್ಕಿಂತ ಕಠಿನವಾದ ಒರೆಗಲ್ಲು ಬೇಕೆ?

ಈಗ ಕಾಲ ತಿರುಗಿದೆ. 2019ರಲ್ಲಿ ವಾರಾಣಸಿಯ ಕಾರ್ಖಾನೆಯು ಹಳೆಯ ಡೀಸೆಲ್ ಎಂಜಿನ್ನುಗಳೆರಡನ್ನು ವಿದ್ಯುತ್ ಎಂಜಿನ್ನಾಗಿ ಮಾರ್ಪಡಿಸಿ ಹೊರತಂದಿತು. 2020ರಲ್ಲಿ ಅದರ ಹೆಸರಿನಿಂದ ಡೀಸೆಲ್ ಎಂಬ ಮಾತೂ ಕಳಚಿತು. ಆದರೆ ತಂತಿಯಿಂದ ಶಕ್ತಿ ಪಡೆಯುವ ಡಬ್ಲ್ಯು.ಎ.ಜಿ.-9 ಎಂಬ ಸರಕು ಎಂಜಿನ್ನಿನಲ್ಲಿಯೂ ಗಾಲಿಗಳನ್ನು ತಿರುಗಿಸುವುದು ಪರ್ಯಾಯ ಪ್ರವಾಹದ ಮೋಟಾರೇ; 2021ರಲ್ಲಿ ಕೆಂಗೇರಿಯನ್ನು ಮುಟ್ಟಿದ ಮೆಟ್ರೋ ಬಂಡಿಯಲ್ಲಿಯೂ ಅದೇ. ಬೆನ್ನ ಮೇಲಿನ ವಿದ್ಯುದಾಗಾರವನ್ನು ಇಳಿಸಿದ್ದಾಯಿತು. ಗಾಲಿಯ ಬಳಿಯ ವಿದ್ಯೆ ಉಳಿಯಿತು. ಆದುದರಿಂದ ಡೀಸೆಲಿನ ಕಾಲವನ್ನು ನಾವು ವ್ಯರ್ಥವೆನ್ನಲಾರೆವು. ಕೊಂಡ ಯಂತ್ರಕ್ಕೆ ಮುಪ್ಪುಂಟು. ಕಲಿತ ಕೆಲಸಕ್ಕೆ ಅದಿಲ್ಲ.