ಕೀಲಿಗೆ ಕೆಲಸ ಹೇಳಿದವರು ಯಾರು?



ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಕರಜಗಿಯ ಕಡೆ ಓಡಾಡಿದವರಿಗೆ ತೊಗರಿ ಹೊಲಗಳ ಬದುವಿನ ಮೇಲಿನ ಕಾಲುದಾರಿಗಳ ಪರಿಚಯ ಇದ್ದೇ ಇರುತ್ತದೆ. ರಸ್ತೆ ಸುತ್ತಿ ಬಂದರೆ ಕಾಲುದಾರಿ ನೇರವಾಗಿ ಸಾಗುತ್ತದೆ. ಅದನ್ನು ಯಾವ ಇಲಾಖೆಯೂ ಹಾಕಿದ್ದಲ್ಲ. ದಿನವೂ ನಡೆದವರ ಕಾಲುಗಳೇ ಹಾಕಿದ್ದು. ಆದರೆ ಹೊಲದ ಒಡೆಯನ ಒಪ್ಪಿಗೆ ಇರುವವರೆಗೆ ಮಾತ್ರ ಅದು ದಾರಿ.

ಕಂಪ್ಯೂಟರಿನ ಶಾರ್ಟ್‌ಕಟ್ ಕೀಲಿಗಳೂ ಇಂಥವೇ. ಮೆನು ತೆರೆದು, ಪಟ್ಟಿಯಲ್ಲಿ ಹುಡುಕಿ, ಆದೇಶವನ್ನು ಆರಿಸುವುದು ರಸ್ತೆಯ ದಾರಿ. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಅದೇ ಕೆಲಸ ಮಾಡಿಸುವುದು ಕಾಲುದಾರಿ. ಹಾಗಾದರೆ ಈ ಕೀಲಿಗೆ ಈ ಕೆಲಸ ಎಂದು ನಿಶ್ಚಯಿಸಿದವರು ಯಾರು? ಅದನ್ನು ನಾವು ಬದಲಾಯಿಸಬಹುದೇ? ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

ಇಂದಿನ ಕೀಲಿಮಣೆಯ ಮೂಲ ಬೆರಳಚ್ಚು ಯಂತ್ರ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಅವರ ಸಂಗಡಿಗರು 1868ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1874ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಆ ಯಂತ್ರದಲ್ಲಿ ಒಂದು ಕೀಲಿಗೆ ಒಂದು ಲೋಹದ ಅಚ್ಚು ಅಂಟಿಕೊಂಡಿತ್ತು. ಬಳಸುವವರು ಅದನ್ನು ಬದಲಾಯಿಸುವಂತಿರಲಿಲ್ಲ. ಇಂಗ್ಲಿಷಿಗಾಗಿ ಹುಟ್ಟಿದ ಆ ಚೌಕಟ್ಟಿನೊಳಗೆ ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನು ಕೂಡಿಸುವುದು ಸುಲಭದ ಮಾತಾಗಿರಲಿಲ್ಲ. ಆದರೂ ಕನ್ನಡಕ್ಕೆ ಬೆರಳಚ್ಚು ಯಂತ್ರ ಬಂತು. ಸಾವಿರಾರು ಜನ ಅದನ್ನು ಕಲಿತು ನೌಕರಿ ಹಿಡಿದರು.

ಕಲಬುರಗಿ ಸೀಮೆಗೆ ಇದು ಸಣ್ಣ ವಿಷಯವಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು ಆಗಿತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನದ ವಿಮೋಚನೆಯಾಯಿತು. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯವನ್ನು ಸೇರಿತು. 1963ರ ರಾಜಭಾಷಾ ಕಾಯ್ದೆಯಿಂದ ಕನ್ನಡ ರಾಜ್ಯದ ಆಡಳಿತ ಭಾಷೆಯಾಯಿತು. ಆದರೆ ಕಾಯ್ದೆಯೊಂದೇ ಸಾಲದು. ಕಚೇರಿಯ ಮೇಜಿನ ಮೇಲಿನ ಯಂತ್ರಕ್ಕೂ ಕನ್ನಡ ಬರಬೇಕು. ಇಲ್ಲದಿದ್ದರೆ ರೈತನ ಅರ್ಜಿಗೆ ಅವನ ಭಾಷೆಯಲ್ಲಿ ಉತ್ತರ ಸಿಗುವುದು ಹೇಗೆ?

ಕಂಪ್ಯೂಟರ್ ಬಂದ ಮೇಲೆ ಕೀಲಿಗೂ ಅಚ್ಚಿಗೂ ಇದ್ದ ಗಂಟು ಬಿಚ್ಚಿತು. ಇಲ್ಲಿ ಕೀಲಿ ಕಳಿಸುವುದು ಕೇವಲ ಒಂದು ಸಂಕೇತ. ಅದರ ಅರ್ಥವನ್ನು ಹೇಳುವುದು ತಂತ್ರಾಂಶ. 1976ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಿದ್ಧವಾದ ಈಮ್ಯಾಕ್ಸ್ ತಂತ್ರಾಂಶದಲ್ಲಿ ಬಳಕೆದಾರರೇ ಕೀಲಿಗಳಿಗೆ ತಮಗೆ ಬೇಕಾದ ಆದೇಶವನ್ನು ಜೋಡಿಸಬಹುದಾಗಿತ್ತು. 1978ರ ವರ್ಡ್‌ಸ್ಟಾರ್ ಪರದೆಯ ಮೇಲೆ ಆದೇಶಗಳ ಪಟ್ಟಿಯನ್ನು ತೋರಿಸುತ್ತಿತ್ತು. ಕೈ ಪಳಗಿದವರು ಆ ಪಟ್ಟಿಯನ್ನು ಮರೆಮಾಡಿ ಬರಿಯ ಕಂಟ್ರೋಲ್ ಕೀಲಿಯಿಂದಲೇ ಕೆಲಸ ನಡೆಸುತ್ತಿದ್ದರು. 1983ರ ಆಪಲ್ ಲೀಸಾ ಕಂಪ್ಯೂಟರಿನಲ್ಲಿ ಅಕ್ಕಪಕ್ಕದ ಝಡ್, ಎಕ್ಸ್, ಸಿ, ವಿ ಕೀಲಿಗಳಿಗೆ ರದ್ದು, ಕತ್ತರಿಸು, ನಕಲು, ಅಂಟಿಸು ಎಂಬ ಕೆಲಸಗಳು ಬಂದವು. ಇಂದಿಗೂ ನಾವು ಅವನ್ನೇ ಒತ್ತುತ್ತೇವೆ.

ಈಗ ಕನ್ನಡದ ಕಡೆ ನೋಡೋಣ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಭಾರತೀಯ ಭಾಷೆಗಳಿಗಾಗಿ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ರೂಪಿಸಿತು. ಇತ್ತ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡ ಬರೆಯುವ ಸರಳ ವಿನ್ಯಾಸವೊಂದನ್ನು ಕಂಡುಕೊಂಡರು. ಅದರಲ್ಲಿ ಕೆ ಕೀಲಿಗೆ 'ಕ' ಬರುತ್ತದೆ, ಶಿಫ್ಟ್ ಹಿಡಿದರೆ 'ಖ' ಬರುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಒತ್ತುಗಳು ಸಾಕು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಈ ವಿನ್ಯಾಸವನ್ನು ಆಧರಿಸಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಲು ಅದು ಬಳಸಿಕೊಂಡದ್ದು ಸ್ಕ್ರಾಲ್ ಲಾಕ್ ಕೀಲಿಯನ್ನು. ಹೆಚ್ಚಿನ ತಂತ್ರಾಂಶಗಳಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಆ ಕೀಲಿ ಕನ್ನಡದ ಬಾಗಿಲಾಯಿತು. ಕೀಲಿಗೆ ಹೊಸ ಕೆಲಸ ಕೊಡುವುದಕ್ಕೆ ನಮ್ಮ ನಾಡಿನಲ್ಲಿಯೇ ಇರುವ ಒಳ್ಳೆಯ ಉದಾಹರಣೆ ಇದು.

ಆದರೆ ಸ್ವಾತಂತ್ರ್ಯಕ್ಕೆ ಇನ್ನೊಂದು ಮುಖವೂ ಇದೆ. ಆ ವರ್ಷಗಳಲ್ಲಿ ತಂತ್ರಾಂಶಕ್ಕೊಂದು ಕೀಲಿ ವಿನ್ಯಾಸ, ತಂತ್ರಾಂಶಕ್ಕೊಂದು ಅಕ್ಷರ ಸಂಕೇತ ಇದ್ದವು. ಒಂದು ಯಂತ್ರದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಒಂದೆಡೆ ಬೆರಳಚ್ಚು ಕಲಿತವರು ಇನ್ನೊಂದೆಡೆ ಮೊದಲಿನಿಂದ ಕಲಿಯಬೇಕಾಗುತ್ತಿತ್ತು. ಆದ್ದರಿಂದಲೇ ರಾಜ್ಯ ಸರ್ಕಾರ ಪ್ರಮಾಣಿತ ಕೀಲಿಮಣೆಯನ್ನು ಒಪ್ಪಿಕೊಂಡಿತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವನ್ನು ಒಳಗೊಂಡ ಯೂನಿಕೋಡ್, ಬಳಕೆಗೆ ಬಂದಂತೆಲ್ಲ ಅಕ್ಷರ ಸಂಕೇತದ ಗೊಂದಲವನ್ನು ಕಡಿಮೆ ಮಾಡಿತು.

ಈ ಪಾಠವನ್ನು ನೆನಪಿಟ್ಟುಕೊಂಡು ನೀವೇ ಒಂದು ಪ್ರಯೋಗ ಮಾಡಬಹುದು. ಲಿಬ್ರೆ ಆಫೀಸ್ ರೈಟರ್ ತಂತ್ರಾಂಶದಲ್ಲಿ 'ಟೂಲ್ಸ್' ಮೆನುವಿನ 'ಕಸ್ಟಮೈಸ್' ತೆರೆದು 'ಕೀಬೋರ್ಡ್' ಭಾಗಕ್ಕೆ ಹೋಗಿ. ಅಲ್ಲಿ ಕೀಲಿಗಳ ಪಟ್ಟಿಯೂ ಆದೇಶಗಳ ಪಟ್ಟಿಯೂ ಇವೆ. ಪ್ರತಿ ಕೀಲಿಯ ಮುಂದೆ ಅದಕ್ಕೆ ಈಗಿರುವ ಕೆಲಸವನ್ನು ಬರೆದಿರುತ್ತದೆ. ಖಾಲಿ ಇರುವ ಕೀಲಿಯನ್ನು ಆರಿಸಿ, ನೀವು ಪದೇ ಪದೇ ಬಳಸುವ ಆದೇಶವನ್ನು ಅದಕ್ಕೆ ಜೋಡಿಸಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿಯೂ ಇಂಥ ಸೌಲಭ್ಯವಿದೆ. ನೀವು ಒತ್ತಿದ ಕೀಲಿಗಳಿಗೆ ಮೊದಲೇ ಕೆಲಸವಿದ್ದರೆ ಅದು ತಿಳಿಸುತ್ತದೆ.

ಖಾಲಿ ಕೀಲಿಯನ್ನೇ ಏಕೆ ಆರಿಸಬೇಕು? ಕಾಲೇಜಿನ ಪ್ರಯೋಗಾಲಯದ ಯಂತ್ರದಲ್ಲಿ ಕಂಟ್ರೋಲ್ ಮತ್ತು ಎಸ್ ಜೋಡಿಗೆ ನೀವು ಬೇರೆ ಕೆಲಸ ಕೊಟ್ಟಿರಿ ಎನ್ನೋಣ. ನಿಮ್ಮ ನಂತರ ಅದೇ ಯಂತ್ರದ ಮುಂದೆ ಕುಳಿತ ಗೆಳತಿ ತನ್ನ ಪ್ರಬಂಧವನ್ನು ಉಳಿಸಿದೆ ಎಂದುಕೊಂಡು ಎದ್ದು ಹೋಗುತ್ತಾಳೆ, ಪ್ರಬಂಧ ಉಳಿದಿರುವುದಿಲ್ಲ. ನಿಮ್ಮ ಅನುಕೂಲಕ್ಕೆ ಅವಳ ಒಂದು ದಿನದ ದುಡಿಮೆ ಬೆಲೆಯಾಗುತ್ತದೆ.

ಕೀಲಿಯ ಕೆಲಸ ಹುಟ್ಟಿನಿಂದ ಬಂದದ್ದಲ್ಲ, ಅದು ಜನ ಮಾಡಿಕೊಂಡ ಒಪ್ಪಂದ. ಒಬ್ಬರೇ ಕೂರುವ ಯಂತ್ರದಲ್ಲಿ ಆ ಒಪ್ಪಂದವನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಹತ್ತು ಜನ ಕೂರುವ ಕಡೆ ಹತ್ತು ಜನರನ್ನೂ ಕೇಳಬೇಕು. ಕನ್ನಡ ಕೀಲಿಮಣೆಗೆ ಬಂದದ್ದೂ ಅಲ್ಲಿ ನೆಲೆ ನಿಂತದ್ದೂ ಈ ಎರಡು ಮಾತುಗಳಿಂದಲೇ.