ಸಂಜೆ ಏಳರ ವೋಲ್ಟೇಜು

ಹುಣಸೂರಿನ ನಮ್ಮಪ್ಪನ ಅಂಗಡಿಗೆ ‘ರೇಡಿಯೋ ರಿಪೇರಿ’ ಅಂತ ಬೋರ್ಡಿತ್ತು. ಅನ್ನ ಹಾಕಿದ್ದು ಮಾತ್ರ ಸ್ಟೆಬಿಲೈಸರ್. 1984ರಲ್ಲಿ ಕರ್ನಾಟಕದಲ್ಲಿ ತಂಬಾಕಿನ ಹರಾಜು ಶುರುವಾಯಿತು. ಕಟ್ಟೆಮಳಲವಾಡಿ, ಪಿರಿಯಾಪಟ್ಟಣದ ಕಡೆ ಬೇಲು ಮಾರಿದ ದುಡ್ಡಲ್ಲಿ ಟಿವಿ ಬಂತು, ಅದರ ಹಿಂದೆಯೇ ಸ್ಟೆಬಿಲೈಸರ್.

ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು, 1908ಕ್ಕೆ ಮೈಸೂರಿಗೂ ಬಂತು. ನಮ್ಮ ಹಳ್ಳಿಗಳ ಸರದಿ ಬಹಳ ತಡ. ಬಂದ ಮೇಲೂ ಲೈನಿನ ಕೊನೆಯ ಊರುಗಳಿಗೆ 230 ವೋಲ್ಟ್ ಎಂಬುದು ಮಾತಷ್ಟೇ. ಆಟೋಸ್ಟಾರ್ಟರ್ ಹಾಕಿಟ್ಟ ಪಂಪ್‌ಸೆಟ್ಟುಗಳು ತ್ರೀಫೇಸ್ ಬಂದ ಕೂಡಲೇ ಒಟ್ಟಿಗೆ ಎದ್ದರೆ ಮನೆಯ ಬಲ್ಬು ಕೆಂಡದಂತಾಗುತ್ತಿತ್ತು.

ಅಪ್ಪ ಗಿರಾಕಿಗೆ ಮೊದಲು ಬೆಲೆ ಹೇಳುತ್ತಿರಲಿಲ್ಲ. “ಯಾವೂರಣ್ಣ? ಸಂಜೆ ಏಳಕ್ಕೆ ಬಲ್ಬು ಹೆಂಗುರೀತದೆ? ಫ್ರಿಜ್ಜೂ ಇದಕ್ಕೇ ಹಾಕ್ತೀರಾ? ಶುರುವಾಗೋವಾಗ ಎಷ್ಟು ಎಳೀತದೆ ಅನ್ನೋದು ಮುಖ್ಯ.” ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಊರು, ಸಾಮಾನು, ವ್ಯಾಟು, ಸಂಜೆಯ ವೋಲ್ಟೇಜು ಬರೆದುಕೊಳ್ಳುತ್ತಿದ್ದರು. ಸಾಲಿಗ್ರಾಮ, ಬೆಟ್ಟದಪುರ, ಸರಗೂರು, ಹನಗೋಡು. ಪುಟ ತಿರುವಿದರೆ ಸುತ್ತಲಿನ ನಾಲ್ಕು ತಾಲ್ಲೂಕು ಸಿಗುತ್ತಿದ್ದವು.

ತಾಮ್ರದ ತಂತಿ ಸುತ್ತಿ, ವಾರ್ನಿಷ್ ಒಣಗಿಸಿ, ಡಬ್ಬ ಮುಚ್ಚುವ ಮೊದಲು, ವೋಲ್ಟೇಜು ಏರಿಳಿಸುವ ಡಿಮ್ಮರ್‌ಸ್ಟಾಟಿಗೆ ಹಾಕುತ್ತಿದ್ದರು. ಅದರ ಗುಬುಟನ್ನು ನಿಧಾನಕ್ಕೆ 140ರವರೆಗೆ ಇಳಿಸುತ್ತ ರಿಲೇ ‘ಟಕ್’ ಅನ್ನುವುದನ್ನು ಕಿವಿಗೊಟ್ಟು ಕೇಳುವರು. ಶಬ್ದ ಒಂದೇ ಏಟಿಗೆ ಬರದೆ ಕಟಕಟ ಅಂದರೆ ಡಬ್ಬ ಮತ್ತೆ ಮೇಜಿನ ಮೇಲೆ. ಅವರಿಗೆ ಒಂದು ಸಂಕಟವೂ ಇತ್ತು. ಲೈನಿನಲ್ಲಿ 160 ವೋಲ್ಟ್ ಇದ್ದಾಗ 220ರಲ್ಲಿ 2 ಆಂಪಿಯರ್ ಕೊಡಲು ಸ್ಟೆಬಿಲೈಸರ್ 2.75 ಆಂಪಿಯರ್ ಎಳೆಯುತ್ತದೆ. ಅಂದರೆ ಒಂದು ಮನೆಯ ಟಿವಿ ಚೆನ್ನಾಗಿ ನಡೆದಷ್ಟೂ ಪಕ್ಕದ ಮನೆಯ ಬಲ್ಬು ಇನ್ನಷ್ಟು ಮಂಕು. ಇದನ್ನವರು ಗಿರಾಕಿಗಳಿಂದ ಮುಚ್ಚಿಡಲಿಲ್ಲ.

ಆಮೇಲೆ ಎಸ್‌ಎಂಪಿಎಸ್ ಇರುವ ಟಿವಿಗಳು ಬಂದವು. ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಜೋಡಿಸುವ ಆ ಸಪ್ಲೈಗೆ 100 ವೋಲ್ಟ್ ಆಸುಪಾಸಿದ್ದರೂ ಸಾಕು. ಅಪ್ಪನ ಕೆಲಸ ಕರಗಿತು.

ನಾನೀಗ ಬೆಂಗಳೂರಿನಲ್ಲಿ ಎಫ್‌ಪಿಜಿಎ, ಅಂದರೆ ಒಳಗಿನ ಲಾಜಿಕ್ಕನ್ನು ನಾವೇ ತುಂಬುವ ಚಿಪ್, ಇರುವ ಬೋರ್ಡುಗಳಿಗೆ ಅದೇ ಜಾತಿಯ ರೆಗ್ಯುಲೇಟರ್ ಆರಿಸುತ್ತೇನೆ. ಕ್ಸೈಲಿಂಕ್ಸ್ ಕಂಪನಿ 1985ರಲ್ಲಿ ತಂದ ಮೊದಲ ಎಫ್‌ಪಿಜಿಎಗೆ 5 ವೋಲ್ಟ್ ಒಂದೇ ಸಾಕಿತ್ತು. ಈಗ ಒಳಗಿನ ತಿರುಳಿಗೆ 1 ವೋಲ್ಟ್, ಅಂಚಿನ ಪಿನ್ನುಗಳಿಗೆ 3.3, ನಡುವೆ 1.8, ಹೀಗೆ. ತಿರುಳಿನ 1 ವೋಲ್ಟ್ 0.05ಕ್ಕಿಂತ ಹೆಚ್ಚು ಅಲುಗುವಂತಿಲ್ಲ. 5 ವೋಲ್ಟನ್ನು 1ಕ್ಕೆ ಇಳಿಸಿ 5 ಆಂಪಿಯರ್ ಕೊಡಲು ಹಳೆಯ ಲೀನಿಯರ್ ರೆಗ್ಯುಲೇಟರ್ ಹಾಕಿದರೆ ಚಿಪ್‌ಗೆ ಹೋಗುವುದು 5 ವ್ಯಾಟ್, ಬಿಸಿಯಾಗಿ ಹೋಗುವುದು 20. ಚಿಪ್ ಎಷ್ಟು ವ್ಯಾಟ್ ತಿನ್ನುತ್ತದೆಂದು ಡಬ್ಬದ ಮೇಲೆ ಬರೆದಿರುವುದಿಲ್ಲ. ಅದರೊಳಗೆ ನಾವು ಎಷ್ಟು ಲಾಜಿಕ್ ತುಂಬಿದೆವು, ಎಷ್ಟು ವೇಗದಲ್ಲಿ ಓಡಿಸಿದೆವು, ಎಷ್ಟು ಬಿಸಿಯೇರಿತು ಎಂಬುದರ ಮೇಲೆ ಲೆಕ್ಕ ಹಾಕಬೇಕು.

ನನ್ನ ಮೊದಲ ಬೋರ್ಡಿನಲ್ಲಿ ನಾನು ಸರಾಸರಿ ಕರೆಂಟನ್ನಷ್ಟೇ ನೋಡಿದ್ದೆ. ಸ್ವಿಚ್ ಹಾಕಿದರೆ ಚಿಪ್ ಎದ್ದು, ಬಿದ್ದು, ಮತ್ತೆ ಎದ್ದಿತು. ಎರಡು ವಾರ ಹುಡುಕಿದೆ. ಹಬ್ಬಕ್ಕೆ ಊರಿಗೆ ಬಂದಾಗ ಬೋರ್ಡು ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಉಗುರಿನಗಲದ ಆ ರೆಗ್ಯುಲೇಟರನ್ನು ಬಹಳ ಹೊತ್ತು ನೋಡಿದರು.

“ಶುರುವಾಗೋವಾಗ ಎಷ್ಟು ಎಳೀತದವ್ವ?” ಅಂದರು.