ಬಸಲ್ ದಿಂಬು: ಲಂಗದ ಹಿಂಬದಿಯ ಆಧಾರ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಸ್ತ್ರೀಯರು ಲಂಗದ ಹಿಂಭಾಗವನ್ನು ಉಬ್ಬಿಸಿ ನಿಲ್ಲಿಸಲು ಸೊಂಟದ ಹಿಂದೆ ಕಟ್ಟಿಕೊಳ್ಳುತ್ತಿದ್ದ ಆಧಾರವೇ ಬಸಲ್. 1860ರ ದಶಕದ ಕೊನೆಯಲ್ಲಿ, ಪಂಜರದಂತಿದ್ದ ಕ್ರಿನೋಲಿನ್ ಹಿಂದೆ ಸರಿದಾಗ ಇದು ಬಳಕೆಗೆ ಬಂದಿತು. 1870ರ ದಶಕದ ಉತ್ತರಾರ್ಧದಲ್ಲಿ ಮರೆಯಾಗಿ, 1883ರ ಸುಮಾರಿಗೆ ಇನ್ನಷ್ಟು ಎದ್ದು ಕಾಣುವ ಆಕಾರದಲ್ಲಿ ಮರಳಿ, ಆ ದಶಕದ ಅಂತ್ಯಕ್ಕೆ ಕಣ್ಮರೆಯಾಯಿತು. ಉಕ್ಕಿನ ಪಟ್ಟಿಗಳ ಚೌಕಟ್ಟು ಇದರ ಒಂದು ಬಗೆಯಾದರೆ, ಕುದುರೆ ಕೂದಲು ಅಥವಾ ಹತ್ತಿ ತುಂಬಿದ ದಿಂಬು ಇನ್ನೊಂದು.

1987ರಲ್ಲಿ ಲೇಖಕ ಕೆ. ಡಬ್ಲ್ಯೂ. ಜೀಟರ್ ಟಂಕಿಸಿದ 'ಸ್ಟೀಮ್‌ಪಂಕ್' ಪದ ಹಬೆಯಂತ್ರ ಯುಗದ ಕಲ್ಪನಾಲೋಕವನ್ನು ಸೂಚಿಸುತ್ತದೆ. ಆ ಶೈಲಿಯ ಉಡುಪಿಗೂ ರಂಗಭೂಮಿಯ ವೇಷಕ್ಕೂ ಮನೆಯಲ್ಲೇ ಹೊಲಿಯಬಹುದಾದ ದಿಂಬು ಅನುಕೂಲಕರ.

ಹೊಲಿಯುವ ವಿಧಾನ: ದಪ್ಪ ಹತ್ತಿ ಬಟ್ಟೆಯಲ್ಲಿ ಅರ್ಧಚಂದ್ರಾಕಾರದ ಎರಡು ತುಂಡುಗಳನ್ನು ಕತ್ತರಿಸಬೇಕು. ಮೇಲಿನ ತುಂಡು ಕೊಂಚ ದೊಡ್ಡದಿರಲಿ. ಅದರ ಅಂಚನ್ನು ನೆರಿಗೆ ಹಿಡಿದು ಕೆಳತುಂಡಿಗೆ ಹೊಂದಿಸಿದರೆ ಉಬ್ಬು ಹೊರಮುಖವಾಗಿ ಮೂಡುತ್ತದೆ, ಮೈಗೆ ತಾಗುವ ಬದಿ ಚಪ್ಪಟೆಯಾಗಿರುತ್ತದೆ. ಒಳಮಗ್ಗುಲಿನಿಂದ ಹೊಲಿದು, ಬಿಟ್ಟ ಕಂಡಿಯ ಮೂಲಕ ಮಗುಚಿ, ಹತ್ತಿಯನ್ನು ಬಿಗಿಯಾಗಿ ತುಂಬಬೇಕು. ಸಡಿಲವಾಗಿ ತುಂಬಿದ ದಿಂಬು ಲಂಗದ ಭಾರಕ್ಕೆ ಕುಸಿಯುತ್ತದೆ. ಕಂಡಿ ಮುಚ್ಚಿ, ಮುಂದೆ ಕಟ್ಟಲು ಲಾಡಿಯನ್ನು ಭದ್ರವಾಗಿ ಹೊಲಿಯಬೇಕು. ಮೇಲೆ ಸಾಲುಸಾಲಾಗಿ ನೆರಿಗೆಪಟ್ಟಿ ಹಚ್ಚಿದರೆ ದಿಂಬಿನ ಅಂಚು ಲಂಗದ ಮೇಲೆ ಎದ್ದು ಕಾಣದು.

ಗಮನಿಸಿ: ದಿಂಬನ್ನು ಕಾರ್ಸೆಟ್ ಮೇಲೆ, ಒಳಲಂಗದ ಕೆಳಗೆ ಧರಿಸಬೇಕು. ಅದನ್ನು ಕಟ್ಟಿಕೊಂಡ ನಂತರವೇ ಲಂಗದ ಉದ್ದ ಅಳೆಯಬೇಕು. ಇಲ್ಲವಾದಲ್ಲಿ ಹಿಂದಿನ ಅಂಚು ಮೇಲೇರಿ, ದುಬಾರಿ ಬಟ್ಟೆ ವ್ಯರ್ಥವಾದೀತು.